ಶ್ರಾವಣದಲ್ಲಿ ಸಣ್ಣಗಾಗುವ ಮೀನು

ಹೋದ ವಾರ ರಾಮದುರ್ಗದ ಸೇತುವೆಯ ಹತ್ತಿರ ನಾನು ಮೀನು ಮಾರುವವಳ ಮುಂದೆ ನಿಂತುಬಿಟ್ಟೆ. ಇದರಲ್ಲೇನು ವಿಶೇಷ ಎಂದು ನಿಮಗೆ ಅನಿಸಬಹುದು. ನಮ್ಮದು ಬಿಸ್ಕೀಟಿನ ಪುಡಿಕೆಯನ್ನು ಕೂಡ ತಿರುವಿ ಹಸಿರು ಚುಕ್ಕೆ ನೋಡಿದ ಮೇಲೆಯೇ ಒಡೆಯುವ ಮನೆತನ. ಆ ಜಾಗ ಬಂದರೆ ಸೆರಗು ಮೂಗಿಗೆ ಹಿಡಿದು ದಾಟುವುದು ರೂಢಿ. ಆವತ್ತು ದಾಟಲಿಲ್ಲ. ಬುಟ್ಟಿಯಲ್ಲಿದ್ದ ಮೀನುಗಳೆಲ್ಲ ಗೇಣುದ್ದಕ್ಕಿಂತ ಕಡಿಮೆ ಇದ್ದವು.

"ಯಾಕವ್ವಾ, ಇಷ್ಟ ಸಣ್ಣು ಅದಾವಲ್ಲ?" ಎಂದೆ.

"ಮಳಿಗಾಲದಾಗ ಹಿಂಗ ಬರೂದ್ರಿ ಅಕ್ಕಾರ. ದೊಡ್ಡವು ಬೇಕಂದ್ರ ಬ್ಯಾಸಿಗ್ಯಾಗ ಬರ್ರಿ."

"ಮಳಿಗಾಲದಾಗ ದೊಡ್ಡವು ಎಲ್ಲಿ ಹೊಕ್ಕಾವು?"

ಅವಳು ತಕ್ಕಡಿ ಕೆಳಗಿಟ್ಟು ನನ್ನ ಮುಖ, ಕೈಚೀಲ, ಚಪ್ಪಲಿ ಎಲ್ಲ ನೋಡಿದಳು. "ನೀವು ಯಾವುದರೆ ಆಫೀಸಿನವರೇನ್ರಿ?"

ಸ್ಕೂಟರ್ ನಿಲ್ಲಿಸಿ ಕಾಯುತ್ತಿದ್ದ ನಮ್ಮ ಯಜಮಾನರೂ ಅದೇ ನೋಟ ನೋಡಿದರು. "ಏನ ಕೇಳಿದಿ?" ಅಂದರು. "ಸುಮ್ನ" ಅಂದೆ. ನಮ್ಮ ಮನೆಯಲ್ಲಿ 'ಸುಮ್ನ' ಎಂಬುದು ಉತ್ತರವಲ್ಲ, ಅಲ್ಲಿಂದ ವಿಚಾರಣೆ ಶುರುವಾಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಸಾರಿನ ಪಾತ್ರೆಯನ್ನು ಸೌಟಿನಿಂದ ತಳದವರೆಗೆ ಕೆದಕಿ ನೋಡಿದ್ದನ್ನು ನಾನು ಕಂಡೆ.

ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಸಂಶಯ ನಮ್ಮ ತವರಿನಿಂದ ಬಂದದ್ದು. ಹಾಲಿನವನು ಒಂದು ದಿನ ಬೇಗ ಬಂದರೆ ನನಗೆ ಅನುಮಾನ, ತಡವಾಗಿ ಬಂದರೂ ಅನುಮಾನ. ಸಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಿಂದಿನ ಬೆಂಚಿನ ಹುಡುಗ ಸರಿ ಉತ್ತರ ಕೊಟ್ಟರೆ ಅವನನ್ನು ಹೊಗಳುವ ಮೊದಲು ಅವನ ಪಕ್ಕದವನ ಕಡೆ ನೋಡುತ್ತೇನೆ. ಇದೆಲ್ಲ ನಮ್ಮ ಗಂಗತ್ತಿಯ ಬಳುವಳಿ.

ಗಂಗತ್ತಿ ನಮ್ಮಪ್ಪನ ತಂಗಿ. ನೇಸರಗಿಯ ನಮ್ಮ ಮನೆಯಿಂದ ಕಟಕೋಳದ ಕಡೆಯ ಒಂದು ಸಣ್ಣ ಊರಿಗೆ ಮದುವೆಯಾಗಿ ಹೋದವಳು. ಬೇಸಿಗೆ ರಜೆಗೆ ನಾವು ಅವಳ ಮನೆಗೆ ಹೋಗುತ್ತಿದ್ದೆವು. ಬೆಣ್ಣೆ ತೆಗೆದ ಮೇಲೆ ಅದರ ನುಣ್ಣನೆಯ ಮೈಮೇಲೆ ಬೆರಳಿನಿಂದ ಒಂದು ಸುರುಳಿ ಬರೆದು ಮುಚ್ಚಿಡುತ್ತಿದ್ದಳು, ಯಾರಾದರೂ ಮುಟ್ಟಿದರೆ ಸುರುಳಿ ಕೆಡಬೇಕು. ಹಿತ್ತಲಿನ ಕುಂಬಳಕಾಯಿಗಳ ಮೇಲೆ ಅವಳ ಉಗುರಿನ ಗುರುತುಗಳಿದ್ದವು. ಹೊಸ ಗಡಿಗೆ ಕೊಳ್ಳುವಾಗ ಕುಂಬಾರನ ಗಾಡಿಯಲ್ಲಿದ್ದ ಅಷ್ಟನ್ನೂ ಬಾರಿಸಿ, ಮೊದಲು ಬಾರಿಸಿದ್ದನ್ನೇ ಮತ್ತೆ ಹುಡುಕಿ ಒಯ್ಯುತ್ತಿದ್ದಳು. ನಾನು ವರ್ಗಕ್ಕೆ ಮೊದಲು ಬಂದೆನೆಂದು ಓಡಿಹೋಗಿ ಹೇಳಿದಾಗ ನನ್ನ ತಲೆ ಸವರುತ್ತ ಕೇಳಿದ್ದು ಒಂದೇ ಮಾತು: "ವರ್ಗದಾಗ ಎಷ್ಟ ಮಂದಿ ಅದೀರಿ?"

ಅವಳ ಗಂಡ, ನಮ್ಮ ಮಾಮಾ, ಮಾತು ಬಲು ಕಡಿಮೆ. ಆಡಿದ ಪ್ರತಿ ಮಾತಿಗೂ ಸಾಕ್ಷಿ ಕೊಡಬೇಕಾದ ಮನೆಯಲ್ಲಿ ಸುಮ್ಮನಿರುವುದೇ ಸುಖ ಎಂದು ಮದುವೆಯಾದ ಹೊಸತರಲ್ಲೇ ಅವರಿಗೆ ತಿಳಿದಿರಬೇಕು.

ಇಂಥ ಅತ್ತಿ ಈ ಜಗತ್ತಿನಲ್ಲಿ ನಂಬುತ್ತಿದ್ದದ್ದು ಮೀನುಗಳನ್ನು ಮಾತ್ರ. ಆ ಊರ ಮುಂದೆ ದೊಡ್ಡ ಕೆರೆ ಇದೆ. ಕೆರೆಯ ಒಂದು ಮಗ್ಗುಲಿಗೆ ಬಸವಣ್ಣನ ಗುಡಿ, ಗುಡಿಯಿಂದ ನೀರಿಗಿಳಿಯಲು ಕರಿಕಲ್ಲಿನ ಪಾವಟಿಗೆ. ಆ ಪಾವಟಿಗೆಗಳ ಹತ್ತಿರ ಬರುವ ಮೀನು ದೇವರ ಪಾಲು, ಅವನ್ನು ಯಾರೂ ಹಿಡಿಯುವಂತಿಲ್ಲ. ಉಳಿದ ಕೆರೆಯಲ್ಲಿ ಗುತ್ತಿಗೆ ಹಿಡಿದವರು ಬಲೆ ಹಾಕುತ್ತಾರೆ. ದೇವರ ನೀರು ಎಲ್ಲಿಗೆ ಮುಗಿಯಿತು, ಗುತ್ತಿಗೆಯ ನೀರು ಎಲ್ಲಿಂದ ಶುರುವಾಯಿತು ಎಂದು ಮೀನಿಗೆ ಯಾರು ಹೇಳುತ್ತಾರೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ಗಂಗತ್ತಿಗೆ ಆ ಪ್ರಶ್ನೆ ಬಹಳ ಮೆಚ್ಚಿಗೆಯಾಯಿತು. ನನ್ನಲ್ಲಿ ತನ್ನ ವಾರಸುದಾರಳನ್ನು ಅವಳು ಕಂಡದ್ದು ಆವಾಗಲೇ ಇರಬೇಕು.

ದಿನಾ ಬೆಳಗ್ಗೆ ಅವಳು ಉಡಿಯಲ್ಲಿ ಚುರಮುರಿ, ನಿನ್ನೆಯ ರೊಟ್ಟಿಯ ಚೂರು ಕಟ್ಟಿಕೊಂಡು ಹೋಗಿ ಮೀನಿಗೆ ಹಾಕುತ್ತಾಳೆ. ದೊಡ್ಡ ದೊಡ್ಡ ಕಟ್ಲಾ ಮೀನುಗಳು ಸೌಟಿನಂಥ ಬಾಯಿ ತೆರೆದು ಪಾವಟಿಗೆಗೆ ಬರುತ್ತವೆ. ಎಲ್ಲಕ್ಕಿಂತ ದೊಡ್ಡದಕ್ಕೆ 'ಗೌಡರು' ಎಂದು ಹೆಸರು. ಗೌಡರು ಬರುವತನಕ ಅತ್ತಿ ಮನೆಗೆ ಹೊರಡುವುದಿಲ್ಲ. ಬೇಸಿಗೆಯಲ್ಲಿ ಮಗಳು ಸುವರ್ಣಾಳ ಕೈಯಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ನನಗೂ ಕಳಿಸಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಒಂದು ಮುಂಜಾನೆ ಅವಳ ಫೋನು ಬಂತು. ಆರಾಮೇನು, ಊಟಾತೇನು, ಏನೂ ಇಲ್ಲ.

"ಶೈಲಾ, ನೀ ಸಾಲ್ಯಾಗ ಸಾಯನ್ಸ ಕಲಸ್ತಿ ಹೌದಲ್ಲ?"

"ಹೌದತ್ತಿ."

"ಮೀನ ದೊಡ್ಡ ಇದ್ದದ್ದು ಸಣ್ಣ ಆಕ್ಕಾವೇನ?"

"ಇಲ್ಲತ್ತಿ, ಹಂಗ ಹೆಂಗ ಆಗತೈತಿ?"

"ಹಂಗಾರ ಯಾರೋ ತಿನ್ನಾಕತ್ತಾರ" ಎಂದು ಫೋನಿಟ್ಟಳು.

ಮುಂದಿನ ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಬಸ್ಸು ಹತ್ತಿದೆ. ಕುತೂಹಲ ಒಂದು ಕಡೆ. ಸುವರ್ಣಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅವಳನ್ನು ನೋಡಿದಂತೆಯೂ ಆಯಿತು. ಅವಳಿಗೆ ಆಗ ಏಳು ತಿಂಗಳು. ಗಂಡ ಈರಣ್ಣ ಸವದತ್ತಿಯಲ್ಲಿ ಕಾಲುವೆಗೆ ನೀರು ಬಿಡುವ ಇಲಾಖೆಯಲ್ಲಿ ಕೆಲಸದಲ್ಲಿದ್ದಾನೆ, ವಸತಿಯೂ ಕಾಲುವೆಯ ದಂಡೆಗೇ. ಪ್ರತಿ ಶನಿವಾರ ಸಂಜೆ ಬಂದು ಭಾನುವಾರ ಹೋಗುತ್ತಿದ್ದ.

ಅತ್ತಿ ನನಗೆ ಚಹಾ ಕುಡಿಯಲು ಸಹ ಬಿಡದೆ ಕೆರೆಗೆ ಕರೆದೊಯ್ದಳು. ಮಳೆ ಚೆನ್ನಾಗಿ ಆಗಿತ್ತು. ಬೇಸಿಗೆಯಲ್ಲಿ ಕಾಣುತ್ತಿದ್ದ ಅರ್ಧಕ್ಕರ್ಧ ಪಾವಟಿಗೆಗಳು ಮುಳುಗಿ ನೀರು ಗುಡಿಯ ಸಮೀಪಕ್ಕೆ ಬಂದಿತ್ತು. ಅತ್ತಿ ಚುರಮುರಿ ಎರಚಿದಳು. ಬೆರಳುದ್ದದ ಮೀನುಗಳು ಮುತ್ತಿದವು. ಗೌಡರಿಲ್ಲ, ಅವರ ಸಮ ತೂಕದವರು ಯಾರೂ ಇಲ್ಲ.

"ನೋಡಿದ್ಯಾ?"

ನಾನು ಕಲಿಸುವ ದನಿಯಲ್ಲಿ ಶುರು ಮಾಡಿದೆ. ಬೇಸಿಗೆಯಲ್ಲಿ ನೀರು ಕಡಿಮೆ, ಇದ್ದಬದ್ದ ಮೀನೆಲ್ಲ ಒಂದೇ ಕಡೆ ಕೂಡುತ್ತವೆ, ಅದಕ್ಕೆ ದೊಡ್ಡವು ಕಣ್ಣಿಗೆ ಬೀಳುತ್ತವೆ. ನೀರು ಬೆಚ್ಚಗಿದ್ದಾಗ ತಿನ್ನುವುದೂ ಬೆಳೆಯುವುದೂ ಜಾಸ್ತಿ. ಮಳೆ ಬಂದ ಮೇಲೆ ಕೆರೆ ಹಿಗ್ಗುತ್ತದೆ, ಅವು ಚದುರುತ್ತವೆ. ಹೊಸ ನೀರಿನಲ್ಲಿ ಹೊಸ ಮರಿ.

ಅತ್ತಿ ಪೂರ್ತಿ ಕೇಳಿದಳು. "ಸಣ್ಣವು ಹುಟ್ಟಿದ್ರ ದೊಡ್ಡವು ಊರ ಬಿಡಬೇಕೇನು?"

ಅಷ್ಟರಲ್ಲಿ ಗುತ್ತಿಗೆ ಹಿಡಿದಿದ್ದ ದುರ್ಗಪ್ಪ ಬಲೆ ಹೆಗಲಿಗೆ ಹಾಕಿಕೊಂಡು ಆ ಕಡೆಯಿಂದ ಬಂದ. ಅತ್ತಿಯನ್ನು ಕಂಡು ದಾರಿ ಬದಲಿಸಲು ನೋಡಿದ, ಆಗಲಿಲ್ಲ.

"ನಾ ಈ ಕಡೆ ಬಲಿ ಹಾಕೂದಿಲ್ರೀ ಅವ್ವಾರ, ಎಷ್ಟ ಸಲ ಹೇಳೇನಿ. ಮಳಿ ಬಿದ್ದ ಮ್ಯಾಲೆ ಮರಿ ತಂದ ಬಿಟ್ಟೇವ್ರಿ. ಅವ ಕಾಣಾಕತ್ತಾವು."

"ಮರಿ ಬಿಟ್ಟಿದ್ದು ಖರೇ. ದೊಡ್ಡವು ಎಲ್ಲಿ?"

"ಒಳಗ ಆಳಕ್ಕ ಹೋಗಿರಬೇಕ್ರಿ."

"ನೀ ನೋಡೀಯೇನ?"

"ನೀರಿನ ಒಳಗ ಹೆಂಗ ನೋಡ್ಲಿರಿ?"

"ನೋಡಿಲ್ಲ ಅಂದ ಮ್ಯಾಲೆ ಹೇಳಬ್ಯಾಡ."

ಅವನು ನನ್ನ ಕಡೆ ಪಾಪದ ಮುಖ ಮಾಡಿ ನೋಡಿ ಹೊರಟುಹೋದ. ಅವನ ಮೇಲಿನ ಸಂಶಯ ಅತ್ತಿಗೆ ಆಗಲೇ ಹಳೆಯದಾಗಿತ್ತು. ಪೂಜಾರಿ ಅಯ್ಯನವರ ಮೇಲೂ ಕೆಲವು ದಿನ ಇತ್ತಂತೆ, ಅವರ ಮುಖಕ್ಕೆ ಇತ್ತೀಚೆಗೆ ಕಳೆ ಬಂದಿದೆ ಎಂಬ ಕಾರಣಕ್ಕೆ. ಆಮೇಲೆ ಅವರು ಹಲ್ಲು ಕಟ್ಟಿಸಿಕೊಂಡದ್ದು ಗೊತ್ತಾಗಿ ಆ ಕೇಸು ಬಿತ್ತು. ಕೊಕ್ಕರೆಗಳನ್ನು ಒಂದು ವಾರ ಕಾದು ನೋಡಿ ಅವಕ್ಕೆ ಗೌಡರನ್ನು ಎತ್ತುವ ಶಕ್ತಿ ಇಲ್ಲವೆಂದು ತೀರ್ಮಾನಿಸಿದ್ದಳು. ಈಗ ಅವಳ ಸಂಶಯ ನಿಂತಿದ್ದದ್ದು ಮನೆಯೊಳಗೇ. ಪಾವಟಿಗೆಯ ಮೇಲೆ ಕೂತು, ಅತ್ತಿತ್ತ ನೋಡಿ ಹೇಳಿದಳು:

"ಅಳ್ಯಾರು ಬಂದು ಹ್ವಾದಾಗೊಮ್ಮೆ ಮೀನ ಕಮ್ಮಿ ಆಕ್ಕಾವು."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಈರಣ್ಣ ಇನ್ನೂ ಬೆಳಕು ಹರಿಯುವ ಮೊದಲು ಎದ್ದು ಹೋಗುತ್ತಾನೆ. ಕೈಯಲ್ಲಿ ದೊಡ್ಡ ಚೀಲ. 'ವಾಕಿಂಗ್' ಅನ್ನುತ್ತಾನೆ. ಬರುವಾಗಲೂ ಚೀಲ ಉಬ್ಬಿರುತ್ತದೆ, ಅದನ್ನು ಯಾರ ಕೈಗೂ ಕೊಡದೆ ಬೈಕಿನ ಡಿಕ್ಕಿಯಲ್ಲಿ ಇಡುತ್ತಾನೆ. ಟಾವೆಲ್ಲಿಗೆ ಪಾಚಿಯ ವಾಸನೆ. ಬಂದವನೇ ಉಪ್ಪಿಟ್ಟು ಎರಡೆರಡು ಸಲ ಹಾಕಿಸಿಕೊಳ್ಳುತ್ತಾನೆ.

"ಮೀನ ತಿಂದ ಬಂದವರಿಗೆ ಅಷ್ಟ ಹಸಿವಿ ಇರತೈತೇನ ಅತ್ತಿ?"

"ಅದು ನಾಟಕ" ಅಂದಳು. "ಸವದತ್ತಿ ಡ್ಯಾಮಿನ ಕಡೆ ಇದ್ದವರು. ಅಲ್ಲೆ ಮೀನದ ರುಚಿ ಹತ್ತೇತಿ."

ಮನೆಗೆ ಬಂದಾಗ ಸುವರ್ಣಾ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಾಯಿಯ ಮೀನಿನ ಕತೆಗೆ ಅವಳೂ ನಗುತ್ತಾಳೆಂದು ಹೋದೆ. ಅವಳ ಕಣ್ಣು ಊದಿದ್ದವು.

"ಅಕ್ಕಾ, ಮೀನ ತಿಂದ್ರ ತಿನ್ನಲಿ ಬಿಡು" ಅಂದಳು. "ವಾಕಿಂಗ ಹೋದವರ ತಲಿ ಯಾಕ ತೋಯ್ತೈತಿ? ಕೇಳಿದ್ರ ಇಬ್ಬನಿ ಅಂತಾರ. ಚೀಲದಾಗ ಏನೈತಿ ಅಂದ್ರ ಆಫೀಸಿಂದು ಅಂತಾರ. ಎಲ್ಲೆ ಹೋಗಿ ಜಳಕಾ ಮಾಡಿ ಬರತಾರ, ಯಾರ ಮನಿಗೆ ಹೋಗತಾರ, ನನಗೇನ ಗೊತ್ತು? ನನ್ನ ನೋಡಾಕಂತ ವಾರಾ ವಾರಾ ಬರತಾರಂತ ಮಾಡಿದ್ದೆ."

"ಹಂಗೆಲ್ಲ ತಲ್ಯಾಗ ತಗೋಬ್ಯಾಡ."

"ತಗೊಂಡಾಗೇತಿ. ಬಾಣಂತನ ಆದ ಮ್ಯಾಲೆ ನಾ ಸವದತ್ತಿಗೆ ಹೋಗೂದಿಲ್ಲ. ಅವ್ವಗ ಇನ್ನೂ ಹೇಳಿಲ್ಲ."

ಇಷ್ಟು ಹೊತ್ತು ನನಗೆ ತಮಾಷೆಯಾಗಿದ್ದದ್ದು ಅಲ್ಲಿಗೆ ನಿಂತಿತು. ತಾಯಿಗೆ ಮೀನಿನ ಸಂಶಯ, ಮಗಳಿಗೆ ಗಂಡನ ಸಂಶಯ, ಎರಡಕ್ಕೂ ಅದೇ ಚೀಲ, ಅದೇ ಒದ್ದೆ ಟಾವೆಲ್ಲು. ನಾನು ಈರಣ್ಣನನ್ನು ಮದುವೆಯ ದಿನದಿಂದ ಬಲ್ಲೆ, ಸಾಧು ಮನುಷ್ಯ ಎಂದುಕೊಂಡಿದ್ದೆ. ಆದರೆ ಆ ಸಂಜೆ ಅವನ ಬೈಕಿನ ಸಪ್ಪಳ ಕೇಳಿದಾಗ ನಾನೂ ಮೊದಲು ನೋಡಿದ್ದು ಡಿಕ್ಕಿಯ ಕಡೆಗೇ.

ನಮ್ಮ ಕಡೆ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಯಾರಾದರೊಬ್ಬರು ಬೇಕು. ಆ ರಾತ್ರಿ ಊಟದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಅತ್ತಿ ತಲೆಯ ಮೇಲಿನ ಸೆರಗು ಎಳೆದುಕೊಂಡು ಒಲೆಯ ಕಡೆ ಮುಖ ಮಾಡಿ, "ಶೈಲಾ, ಅಳ್ಯಾರಿಗೆ ಕೇಳು, ಅವರ ಕಡೆ ಮೀನ ಹೆಂಗ ಅದಾವಂತ" ಅಂದಳು.

ನಾನು ಕೇಳುವ ಅಗತ್ಯ ಬೀಳಲಿಲ್ಲ. ಈರಣ್ಣನ ನೆತ್ತಿಗೆ ಹತ್ತಿತು. ನೀರು ಕುಡಿದು, "ಇರತಾವ್ರಿ" ಅಂದ. ಸುವರ್ಣಾ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದಳು. ಮಾಮಾ ಎಲ್ಲರ ಮುಖ ಒಮ್ಮೆ ನೋಡಿ ಮತ್ತೊಂದು ರೊಟ್ಟಿ ಮುರಿದರು.

ಮರುದಿನ ನಸುಕಿನಲ್ಲಿ ಅತ್ತಿ ನನ್ನನ್ನು ಎಬ್ಬಿಸಿದಳು. ಈರಣ್ಣ ಆಗಷ್ಟೇ ಚೀಲ ಹಿಡಿದು ಹೊರಬಿದ್ದಿದ್ದ. ನಾವು ಹಿತ್ತಲ ದಾರಿಯಿಂದ ಹೋಗಿ ಗುಡಿಯ ಗೋಡೆಯ ಹಿಂದೆ ನಿಂತೆವು. ಕೆರೆಯ ಮೇಲೆ ಮಂಜು ಇತ್ತು. ಅವನು ಪಾವಟಿಗೆಯ ಮೇಲೆ ನಿಂತು ನಾಲ್ಕೂ ಕಡೆ ನೋಡಿದ. ಅಂಗಿ ಬಿಚ್ಚಿದ. ಚೀಲಕ್ಕೆ ಕೈ ಹಾಕಿದ.

"ಬಲಿ ತಗದಾ" ಎಂದು ಅತ್ತಿ ನನ್ನ ರಟ್ಟೆ ಹಿಂಡಿದಳು.

ಅವನು ತೆಗೆದದ್ದು ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ. ಅದರ ಹಿಡಿಕೆಗೆ ಹಗ್ಗ ಪೋಣಿಸಿ ಬೆನ್ನಿಗೆ ಕಟ್ಟಿಕೊಂಡ. ಕೈಮುಗಿದ, ಬಸವಣ್ಣನಿಗೋ ನೀರಿಗೋ ಗೊತ್ತಾಗಲಿಲ್ಲ. ಒಂದೊಂದೇ ಪಾವಟಿಗೆ ಇಳಿದು ಎದೆಮಟ್ಟದ ನೀರಿಗೆ ಬಂದು ಮುಂದಕ್ಕೆ ಬಿದ್ದ. ಆಮೇಲೆ ಶುರುವಾಯಿತು ನೋಡಿ, ಕೈಕಾಲು ಬಡಿಯುವ ಆ ಪರಿ. ಕೆರೆಯ ಆ ಭಾಗವೆಲ್ಲ ಕದಡಿಹೋಯಿತು. ಎಮ್ಮೆ ಇಳಿದರೂ ಅಷ್ಟು ಸಪ್ಪಳವಾಗುವುದಿಲ್ಲ.

"ಏನ ಮಾಡಾಕತ್ತಾನಿಂವ?" ಅತ್ತಿ ಗೋಡೆ ಬಿಟ್ಟು ಹೊರಗೆ ಬಂದಳು.

"ಈಸು ಕಲಿಯಾಕತ್ತಾರ ಅಂತ ಕಾಣತೈತಿ ಅತ್ತಿ" ಅಂದೆ.

ನಾನು ಹೇಳುತ್ತಿದ್ದಂತೆಯೇ ಹಗ್ಗ ಬಿಚ್ಚಿತು. ಡಬ್ಬಿ ಅವನನ್ನು ಬಿಟ್ಟು ತನ್ನಷ್ಟಕ್ಕೆ ತೇಲಿಹೋಯಿತು. ಅವನು ಪಾವಟಿಗೆ ಮುಗಿದ ಆಚೆ ಹೋಗಿದ್ದ, ಕಾಲಿಗೆ ತಳ ಸಿಗದ ಜಾಗ. ತಲೆ ಮುಳುಗಿತು, ಎದ್ದಿತು, ಬಾಯಿ ತೆರೆದ, ದನಿ ಬರಲಿಲ್ಲ. ಮತ್ತೆ ಮುಳುಗಿತು. ಯಾವ ವಸ್ತು ತೇಲುತ್ತದೆ, ಯಾವುದು ಮುಳುಗುತ್ತದೆ, ಏಕೆ ಎಂಬ ಪಾಠವನ್ನು ವರ್ಷ ವರ್ಷ ಮಾಡುವ ನನಗೆ ದಂಡೆಯ ಮೇಲೆ ನಿಂತು ಕೂಗುವುದೊಂದೇ ಬಂತು.

ಅತ್ತಿ ಕೂಗಲಿಲ್ಲ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವೆಂದು ಮನೆಯ ಹೊಸ್ತಿಲು ದಾಟುವಾಗ ಗೋಡೆ ಹಿಡಿಯುವವಳು, ಇಳಕಲ್ಲ ಸೀರೆಯ ಕಚ್ಚೆ ಬಿಗಿದು ಪಾವಟಿಗೆ ಇಳಿದುಹೋದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಆಮೇಲೆ ಅವಳ ಕಾಲು ತಳ ಬಿಟ್ಟಿತು, ಅದು ನನಗೆ ಕಂಡಿತು. ಅವಳು ಮುಳುಗಲಿಲ್ಲ. ತಲೆ ಮೇಲಿಟ್ಟುಕೊಂಡು, ಮನೆಯ ಪಡಸಾಲೆಯಲ್ಲಿ ನಡೆದಷ್ಟು ಸರಾಗವಾಗಿ ಅವನ ಕಡೆ ಸಾಗಿದಳು. ತೀರ ಹತ್ತಿರ ಹೋಗದೆ ಸೆರಗು ಬಿಚ್ಚಿ ಅವನ ಮುಖದ ಮೇಲೆ ಬೀಸಿದಳು.

"ಸೆರಗ ಹಿಡೀ. ನನ್ನ ಹಿಡೀಬ್ಯಾಡ, ಸೆರಗ ಹಿಡೀ."

ಅವನು ಹಿಡಿದ. ಅವಳು ಎಳೆದುಕೊಂಡು ಬಂದಳು. ಪಾವಟಿಗೆಗೆ ಬಂದಾಗ ನಾನು ಅವನ ತೋಳು ಹಿಡಿದು ಮೇಲೆ ಜಗ್ಗಿದೆ, ನನ್ನ ಪಾಲಿನ ಶೌರ್ಯ ಅಷ್ಟೇ. ಅವನು ಬೋರಲು ಮಲಗಿ ನೀರು ಕಾರಿದ. ಅತ್ತಿ ಪಕ್ಕದಲ್ಲಿ ಕೂತು ಅವನ ಬೆನ್ನು ತಿಕ್ಕುತ್ತಿದ್ದಳು. ಅವಳ ತಲೆಯ ಮೇಲೆ ಸೆರಗಿರಲಿಲ್ಲ, ಬಿಳಿ ಕೂದಲು ಬಿಚ್ಚಿ ಹೆಗಲಿಗೆ ಅಂಟಿತ್ತು. ಅಳಿಯನ ಮುಂದೆ ಹಾಗೆ ಇರುವುದು ಯೋಗ್ಯವಲ್ಲ ಎಂಬ ನೆನಪು ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.

ನನ್ನ ಕೂಗು ಕೇಳಿ ಸುವರ್ಣಾ ಬಸುರು ಹಿಡಿದುಕೊಂಡು ಬಂದಳು, ಹಿಂದೆ ಮಾಮಾ. ಏನಾಯಿತೆಂದು ನಾನು ಎರಡು ಮಾತಿನಲ್ಲಿ ಹೇಳಿದೆ. ಸುವರ್ಣಾ ನೀರಿನ ಮೇಲೆ ತೇಲುತ್ತಿದ್ದ ಡಬ್ಬಿಯನ್ನೂ ಖಾಲಿ ಬಿದ್ದ ಚೀಲವನ್ನೂ ನೋಡಿ ಅಲ್ಲೇ ಕೂತಳು.

"ಈಸಾಕ ಬರೂದಿಲ್ಲಂದ್ರ ಯಾಕ ಇಳದಿ?" ಅತ್ತಿ ಅವನನ್ನೇ ನೇರವಾಗಿ ಕೇಳಿದಳು. ಏಕವಚನದಲ್ಲಿ ಕೇಳಿದ್ದಳು, ಅದೂ ಅವಳಿಗೆ ಗೊತ್ತಾಗಿರಲಿಲ್ಲ.

ಈರಣ್ಣ ಎದ್ದು ಕೂತು ಮುಖ ಒರೆಸಿಕೊಂಡ. ಆಮೇಲೆ ಹೇಳಿದ. ಅದರ ಹಿಂದಿನ ವರ್ಷ ಅವನ ಕಣ್ಣ ಮುಂದೆ ಒಬ್ಬ ರೈತ ಕಾಲುವೆಗೆ ಜಾರಿ ಬಿದ್ದನಂತೆ. ಈರಣ್ಣ ದಂಡೆಯಲ್ಲೇ ಇದ್ದ. ಬಿದ್ದವನು, "ಸಾಹೇಬ್ರ, ಕೈ ಕೊಡ್ರಿ" ಅನ್ನುತ್ತ ನೀರಿನ ಜೊತೆ ಹೋದ. ಈರಣ್ಣ ದಂಡೆಯ ಮೇಲೆ ಓಡಿದ, ಇಳಿಯಲಿಲ್ಲ. ಕೆಳಗೆ ಎಮ್ಮೆ ತೊಳೆಯುತ್ತಿದ್ದವರು ಹಾರಿ ಎಳೆದು ತೆಗೆದರು.

"ಉಳದಾನ್ರೀ ಅಂವ, ಆರಾಮ ಅದಾನ. ನನ್ನ ಕಂಡ್ರ ಇವತ್ತಿಗೂ ನಮಸ್ಕಾರ ಮಾಡತಾನ. ಅದ ನನಗ ಆಗೂದಿಲ್ರಿ." ಅವನು ಸುವರ್ಣಾಳ ಬಸುರಿನ ಕಡೆ ನೋಡಿದ. "ನಮ್ಮ ಮನಿ ಮುಂದ ಕಾಲುವಿ ಐತಿ. ನಾಳೆ ನನ್ನ ಕೂಸು ಆಡಕೋಂತ ಹೋಗಿ ಬಿದ್ರ ನಾ ಆವತ್ತಿನಂಗ ದಂಡಿ ಮ್ಯಾಲೆ ಓಡಬೇಕೇನ್ರಿ? ಅಲ್ಲೆ ಕಲೀಬೇಕಂದ್ರ ಎಲ್ಲಾರು ನೋಡತಾರು. ಕಾಲುವಿ ಸಾಹೇಬಗ ಈಸು ಬರೂದಿಲ್ಲಂತ ನಗತಾರು. ಇಲ್ಲೆ ನಸಿಕಿನ್ಯಾಗ ಯಾರೂ ಇರೂದಿಲ್ಲಂತ ಬಂದೆ."

"ನನಗರೆ ಹೇಳಬಾರದಾಗಿತ್ತೇನ್ರಿ?" ಸುವರ್ಣಾ ಕೇಳಿದಳು.

"ನಿನಗ ಹೇಳಾಕ ಎಲ್ಲಾರಿಗಿಂತ ಹೆಚ್ಚ ನಾಚಿಕಿ ಬಂತು" ಅಂದ.

ಸುವರ್ಣಾ ಅವನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಬಾಣಂತನ ಆದ ಮೇಲೆ ಸವದತ್ತಿಗೆ ಹೋಗುವುದಿಲ್ಲವೆಂದು ಅವಳು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಈಗ ನಿಮಗೆ ಮಾತ್ರ.

ಇನ್ನೊಂದು ಸಂಗತಿ ಉಳಿದಿತ್ತು. ಮಾಮಾ ತಮ್ಮ ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ನಿತ್ಯ ಮಾತಾಡದ ಮನುಷ್ಯ ಆವತ್ತು ಕೇಳಿಯೇಬಿಟ್ಟರು.

"ನಿನಗ ಈಸು ಬರತೈತೇನ?"

"ಬರತೈತಿ." ಅತ್ತಿ ಸೀರೆ ಹಿಂಡುತ್ತ ಹೇಳಿದಳು. "ನೇಸರಗ್ಯಾಗ ನಮ್ಮ ತ್ವಾಟದ ಬಾವ್ಯಾಗ ಅಣ್ಣಗೋಳ ಜೋಡಿ ಈಸತಿದ್ದೆ. ದೊಡ್ಡಾಕಿ ಆದ ಮ್ಯಾಲೆ ಬಿಡಿಸಿದ್ರು."

"ಇಷ್ಟ ವರ್ಷ ಹೇಳಲೇ ಇಲ್ಲ."

"ನೀವು ಕೇಳಲಿಲ್ಲ."

ಮಾಮಾ ತಲೆಯಾಡಿಸಿದರು. ಇಷ್ಟು ವರ್ಷ ವಿಚಾರಣೆಗೆ ಗುರಿಯಾಗುತ್ತ, ತಾವೂ ಒಂದೆರಡು ಪ್ರಶ್ನೆ ಕೇಳದೆ ತಪ್ಪು ಮಾಡಿದೆವೇನೋ ಎಂಬ ಭಾವ ಅವರ ಮುಖದಲ್ಲಿತ್ತು.

ಆಮೇಲೆ ಕತೆ ನಾನಂದುಕೊಂಡ ದಾರಿ ಹಿಡಿಯಲಿಲ್ಲ. ಅಳಿಯನ ಮೇಲೆ ಹೊರಿಸಿದ ಸಂಶಯಕ್ಕೆ ಅತ್ತಿ ಏನಾದರೂ ಒಂದು ಮಾತು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು, "ಮುಂದಿನ ವಾರ ಆ ಡಬ್ಬಿ ತರಬ್ಯಾಡ. ಬೆಂಡ ಕಟ್ಟೂನು." ಮತ್ತೆ ನನ್ನ ಕಡೆ ತಿರುಗಿ, "ನೋಡಿದ್ಯಾ, ಹಿಂಗ ಕಾಲ ಬಡದ್ರ ಗೌಡ್ರು ಹೆಂಗ ಬಂದಾರು? ನಾ ಹೇಳಿದ್ದ ಖರೇ ಆತಿಲ್ಲ?" ಅಂದಳು. ಅಳಿಯನಿಂದಾಗಿಯೇ ದೊಡ್ಡ ಮೀನು ಹೋದದ್ದು, ಇದು ಅವಳ ವಾದ. ತಿಂದನೋ ಓಡಿಸಿದನೋ ಎಂಬ ಸಣ್ಣ ವ್ಯತ್ಯಾಸಕ್ಕೆ ಅವಳು ಬೆಲೆ ಕೊಡಲಿಲ್ಲ. ವಯಸ್ಸಾದ ಮೀನಿಗೆ ಅಂಜಿಕೆ ಹೆಚ್ಚು, ಮರಿಗಳಿಗೆ ಅದಿನ್ನೂ ಬಂದಿರುವುದಿಲ್ಲ ಎಂದು ನನಗೂ ಅನಿಸಿತು. ಅದರ ಜೊತೆ ದುರ್ಗಪ್ಪನ ಮರಿಗಳು, ತುಂಬಿದ ನೀರು, ಎಲ್ಲ ಸೇರಿರಬೇಕು. ಇರಬೇಕು ಎನ್ನುವುದಕ್ಕೆ ಅತ್ತಿ ಒಪ್ಪಲಾರಳು.

ಆ ಮಳೆಗಾಲವೆಲ್ಲ ಭಾನುವಾರದ ಬೆಳಗು ಆ ಕೆರೆಯ ಪಾವಟಿಗೆ ನೋಡುವಂತಿರುತ್ತಿತ್ತು. ಗುಟ್ಟಿನಲ್ಲಿ ಕಲಿಯಲು ಬಂದವನ ಪಾಠ ಊರ ಮುಂದೆ ನಡೆಯತೊಡಗಿತು. ಅತ್ತಿ ಮೊಣಕಾಲು ನೀರಿನಲ್ಲಿ ನಿಂತು, "ಹೊಟ್ಟಿ ಮ್ಯಾಲೆ ತಗೀ, ಕೈ ಅಗಲ ಮಾಡು, ಅಂಜಬ್ಯಾಡ, ನಾ ಅದೇನಿ" ಎಂದು ಒದರುವುದು. ಇಲಾಖೆಯ ಸಾಹೇಬ ಹೂಂ ಹೂಂ ಎಂದು ನೀರು ಕುಡಿಯುವುದು. ಮೊದಮೊದಲು ಜನ ನಕ್ಕರು. ಆಮೇಲೆ ಒಬ್ಬಿಬ್ಬರು ತಮ್ಮ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದು ಕೂಡಿಸಿದರು. ದುರ್ಗಪ್ಪ ಆಚೆ ದಂಡೆಯಲ್ಲಿ ಬಲೆ ಬಿಡಿಸುತ್ತ, ಅತ್ತಿಯ ಗಮನ ಬೇರೆ ಕಡೆ ಹೋಯಿತೆಂದು ನೆಮ್ಮದಿಯಾಗಿದ್ದ. ಅತ್ತಿಗೆ ಮಾತ್ರ ಶಿಷ್ಯನ ಮೇಲೂ ಸಂಶಯ. ತೇಲುತ್ತೇನೆ ಎಂದು ಅವನು ಹೇಳಿದರೆ, ನೀರಿನೊಳಗೆ ಕೈ ಹಾಕಿ ಅವನ ಕಾಲು ತಳ ಮುಟ್ಟಿಲ್ಲವೆಂದು ನೋಡಿದ ಮೇಲೆಯೇ ಹೌದೆನ್ನುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಸುವರ್ಣಾಗೆ ಹೆಣ್ಣು ಕೂಸಾಯಿತು. ಆ ಹೊತ್ತಿಗೆ ಈರಣ್ಣ ಬೆಂಡು ಬಿಟ್ಟು ಕೆರೆಯ ನಡುವಿನ ಕಲ್ಲುಕಂಬ ಮುಟ್ಟಿ ಬರುತ್ತಿದ್ದ. ಬಾಣಂತನ ಮುಗಿಸಿ ಸುವರ್ಣಾ ಕೂಸನ್ನು ಎತ್ತಿಕೊಂಡು ಸವದತ್ತಿಗೆ ಹೋದಳು. ಶಿವರಾತ್ರಿಗೆ ನೀರು ಇಳಿಯಿತು, ದೊಡ್ಡ ಮೀನುಗಳು ಪಾವಟಿಗೆಗೆ ಬಂದವು. ಗೌಡರು ಬಂದರೇ ಎಂದು ಫೋನಿನಲ್ಲಿ ಕೇಳಿದೆ. "ಒಂದು ಬಂದೈತಿ, ಗೌಡ್ರಂಗ ಕಾಣತೈತಿ. ನಾ ಇನ್ನೂ ನಂಬಿಲ್ಲ" ಅಂದಳು.

ಅದಾಗಿ ಕೆಲವು ದಿನಕ್ಕೆ ಸುವರ್ಣಾ ತಾಯಿಗೆ ಫೋನು ಮಾಡಿ ಹೇಳಿದಳಂತೆ: ಕಾಲುವೆಯಲ್ಲಿ ಒಂದು ಆಡಿನ ಮರಿ ಬಿದ್ದಿತ್ತು, ಈರಣ್ಣ ಹಾರಿ ತೆಗೆದ.

"ನೀ ನೋಡೀಯೇನ?" ಅತ್ತಿ ಕೇಳಿದಳು.

"ಇಲ್ಲವ್ವಾ, ಮಂದಿ ಹೇಳಿದ್ರು."

"ಯಾವ ಮಂದಿ?"

ಮರುದಿನವೇ ಅತ್ತಿ ಸವದತ್ತಿ ಬಸ್ಸು ಹಿಡಿದಳು. ಮೊಮ್ಮಗಳನ್ನು ನೋಡಲು ಎಂಬುದು ಹೆಸರಿಗೆ. ನನಗೂ ಫೋನು ಮಾಡಿ ಬರಹೇಳಿದಳು. ರವಿವಾರವಾಗಿತ್ತು, ಹೋದೆ. ಕೂಸನ್ನು ಎತ್ತಿ ಮುದ್ದಾಡಿ, ಚಹಾ ಕುಡಿದು, ಅತ್ತಿ ನನ್ನನ್ನು ಕರೆದುಕೊಂಡು ಕಾಲುವೆಯ ದಂಡೆಗೆ ಹೊರಟಳು. ನೀರು ತುಂಬಿ, ನೊರೆ ಏಳಿಸುತ್ತ ಹೋಗುತ್ತಿತ್ತು. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಅತ್ತಿ ಅವಳನ್ನು ಹಿಡಿದಳು.

"ಯವ್ವಾ, ಇಲ್ಲೆ ಒಂದ ಮರಿ ಬಿದ್ದಿತ್ತಂತಲ್ಲ?"

"ಹೌದ್ರಿ, ನಮ್ದ."

"ಯಾವುದು?"

ಹೆಂಗಸು ಕಂದು ಬಣ್ಣದ ಮರಿ ತೋರಿಸಿದಳು. ಅತ್ತಿ ಅದನ್ನು ಹಿಡಿದು ಕಿವಿ, ಕಾಲು ನೋಡಿದಳು. ನೀರು ಆಗಲೂ ಇಷ್ಟೇ ಇತ್ತೇ, ಈರಣ್ಣ ತಾನಾಗಿ ಹಾರಿದನೇ, ಕಾಲು ಜಾರಿ ಬಿದ್ದನೇ, ಬೇರೆ ಯಾರಾದರೂ ಕೈ ಕೊಟ್ಟರೇ, ಒಂದೊಂದನ್ನೇ ಕೇಳಿದಳು. ಹೆಂಗಸು ಒಂದೊಂದಕ್ಕೂ ಉತ್ತರ ಕೊಟ್ಟಳು. "ನಾ ಆಡು ಅಂತ ಚೀರೂದ್ರಾಗ ಅಂಗಿ ಮ್ಯಾಲೇನ ಹಾರಿದ್ರು, ಅಲ್ಲೆ ಆ ತೂಬಿನ ಹತ್ತಿರ ಹಿಡಿದ್ರು, ಒಂದ ಕೈಯಾಗ ಈಸಿ ಬಂದ್ರು" ಎಂದಳು. ಅತ್ತಿ ತೂಬಿನ ಕಡೆ ನೋಡಿದಳು, ನೀರಿನ ಕಡೆ ನೋಡಿದಳು. ನಾನು ಮುಂದಿನ ಪ್ರಶ್ನೆಗೆ ಕಾದೆ.

ಈ ಸಲ ಕೇಳಿದವಳು ಆ ಹೆಂಗಸು. "ಇಷ್ಟ ಕೇಳಾಕತ್ತೀರಲ್ಲ, ಅವ್ರು ನಿಮ್ಮ ಮಗನೇನ್ರಿ?"

ಅತ್ತಿ ಮರಿಯನ್ನು ಕೆಳಗೆ ಬಿಟ್ಟು, ಕೈ ಝಾಡಿಸಿ, ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು.

"ಹೂನವ್ವಾ, ನನ್ನ ಮಗಾನ" ಅಂದಳು. "ಈಸಾಕ ನಾನ ಕಲಸೇನಿ."